ಸ್ಕೋರ್ ಎಷ್ಟಾಯ್ತು?

"ಸ್ಕೋರ್ ಎಷ್ಟಾಯ್ತು?"

ಟಿವಿ ಎದುರಿಗೇ ಕೂತಿದ್ದ ಅಪ್ಪ ಹೀಗೆ ಕೇಳಿದಾಗ ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅಲ್ಲೇ ಕೆಳಗಡೆ ಬರ್ತಿದೆಯಲ್ಲಪ್ಪ" ಅಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅಪ್ಪ ಏನೂ ಅನ್ನಲಿಲ್ಲ. "ಓ, ಹೌದಾ" ಅಂದು ಸುಮ್ಮನಾದರು.

ಅಪ್ಪ ಭದ್ರಾವತಿಯಿಂದ ನಮ್ಮ ಜೊತೆ ಇರಲು ಪುಣೆಗೆ ಬಂದು ಎರಡು ವರ್ಷ ದಾಟಿದೆ. ಗ್ಲಾಕೋಮಾ ಅವರ ಕಣ್ಣನ್ನು ಸದ್ದಿಲ್ಲದೆ ತಿಂದಿತ್ತು. ಈ ಕಾಯಿಲೆಯ ಕೆಟ್ಟ ಗುಣವೇ ಅದು. ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ, ನೇರ ನೋಟ ಇರುವುದರಿಂದ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾದ ಮೇಲೆ ಹೋದದ್ದನ್ನು ತರಲು ಆಗುವುದಿಲ್ಲ. ದಿನಾ ಹನಿ ಹಾಕುವುದು ಉಳಿದದ್ದನ್ನು ಕಾಪಾಡಿಕೊಳ್ಳಲು ಅಷ್ಟೆ. ಈಗ ಅವರಿಗೆ ಕಾಣುವುದು ಕಿಟಕಿಯ ಬೆಳಕು, ಎದುರು ಯಾರೋ ಅಡ್ಡ ಬಂದರೆ ಒಂದು ನೆರಳು. ಆದರೂ ಸಂಜೆ ಏಳೂವರೆಗೆ ಐಪಿಎಲ್ ಶುರುವಾಗುವ ಹೊತ್ತಿಗೆ ಸೋಫಾದ ಎಡತುದಿಯಲ್ಲಿ ತಮ್ಮ ಜಾಗ ಹಿಡಿದು ಕೂತುಬಿಡುತ್ತಿದ್ದರು. ಕನ್ನಡ ಕಾಮೆಂಟರಿ ಬರುತ್ತದೆ, ಆರಾಮಾಗಿ ಕೇಳುತ್ತಾರೆ ಅಂದುಕೊಂಡು ನಾನು ನನ್ನ ಕೆಲಸ ನೋಡಿಕೊಳ್ಳುತ್ತಿದ್ದೆ.

ಆ ಸಂಜೆ ನಾಲಿಗೆ ಕಚ್ಚಿಕೊಂಡ ಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಕಣ್ಣೂ ಮುಚ್ಚಿಕೊಂಡು ಎರಡು ಓವರ್ ಕೇಳಿದೆ. ಒಬ್ಬರು ಹಳೆಯ ಪಂದ್ಯವೊಂದರ ತಮಾಷೆ ಹೇಳಿದರು, ಇನ್ನೊಬ್ಬರು ನಕ್ಕರು. ನಡುವೆ "ಓಹೋಹೋ, ಏನ್ ಶಾಟ್!" ಅಂತ ಕೂಗು. ಯಾರು ಹೊಡೆದರು, ಯಾವ ಕಡೆ ಹೋಯಿತು, ನಾಲ್ಕೋ ಆರೋ, ಒಂದೂ ತಿಳಿಯಲಿಲ್ಲ. ಎರಡು ಓವರಿನಲ್ಲಿ ಸ್ಕೋರ್ ಒಂದೇ ಒಂದು ಸಲ ಕಿವಿಗೆ ಬಿತ್ತು. ಅದು ಅವರ ತಪ್ಪಲ್ಲ. ಟಿವಿಯಲ್ಲಿ ಚಿತ್ರ ಕಾಣುತ್ತಿರುತ್ತದೆ. ಕಾಣುತ್ತಿರುವುದನ್ನೇ ಮತ್ತೆ ಹೇಳಿದರೆ ನೋಡುವವರಿಗೆ ಕಿರಿಕಿರಿ. ಚಿತ್ರಕ್ಕೆ ಏನಾದರೂ ಸೇರಿಸುವುದಿದ್ದರೆ ಮಾತ್ರ ಬಾಯಿ ಬಿಡಬೇಕು ಅನ್ನುವುದು ರಿಚಿ ಬೆನೊ ಅವರಂಥ ದೊಡ್ಡವರು ಪಾಲಿಸಿಕೊಂಡು ಬಂದ ನಿಯಮ. ಅಪ್ಪನ ಪಾಲಿಗೆ ಚಿತ್ರವೇ ಇರಲಿಲ್ಲ, ಬರೀ ಸೇರಿಸಿದ ಮಾತು ಸಿಗುತ್ತಿತ್ತು. ಒಂದು ಗಂಟೆಗೊಮ್ಮೆ, ಯಾರಿಗೂ ತೊಂದರೆ ಆಗದ ಹಾಗೆ, ಮೆಲ್ಲಗೆ ಸ್ಕೋರ್ ಕೇಳಿಕೊಂಡು ಅವರು ಇಡೀ ಪಂದ್ಯ ಕೂತಿರುತ್ತಿದ್ದರು.

ರೇಡಿಯೋ ಹಾಕಿಕೊಡೋಣ ಅಂತ ಹುಡುಕಿದೆ. ನಮಗೆ ಬೇಕಾದ ಪಂದ್ಯ, ನಮಗೆ ಬೇಕಾದ ಭಾಷೆಯಲ್ಲಿ ಸಿಗಲಿಲ್ಲ. "ಬಿಡಪ್ಪ, ನಾನೇ ಹೇಳ್ತೀನಿ" ಅಂದೆ. ಹದಿನೈದು ವರ್ಷದಿಂದ ಕಾನ್ಫರೆನ್ಸ್ ಕಾಲ್‌ಗಳಲ್ಲಿ ಮಾತಾಡಿಯೇ ಸಂಬಳ ತೆಗೆದುಕೊಳ್ಳುತ್ತಿರುವವನು ನಾನು, ಇದೇನು ಮಹಾ ಅನ್ನುವ ಧೈರ್ಯ.

ಮೊದಲ ದಿನವೇ ಧೈರ್ಯ ಇಳಿಯಿತು. ಯಾರೋ ಎತ್ತಿ ಹೊಡೆದರು, ಬೌಂಡರಿ ಹತ್ತಿರ ಕ್ಯಾಚ್ ಎದ್ದಿತು. ನಾನು ಸೋಫಾದಿಂದ ಎದ್ದು ನಿಂತು, "ಅಯ್ಯೋ! ಅಯ್ಯಯ್ಯೋ! ಛೇ! ಎಂಥಾ ಛಾನ್ಸ್ ಅಪ್ಪ!" ಅಂತ ಕೂಗಾಡಿದೆ. ಅಪ್ಪ ನನ್ನ ದನಿ ಬಂದ ಕಡೆ ಮುಖ ಮಾಡಿ ಕಾಯುತ್ತಿದ್ದರು. ಕೊನೆಗೆ ಹೇಳಿದರು: "ನಿನಗೆ ಏನನ್ನಿಸ್ತು ಅಂತ ಗೊತ್ತಾಯ್ತು ಮಾರಾಯ. ಏನಾಯ್ತು ಅಂತ ಹೇಳು."

ಈ ಅಂಕಣವನ್ನು ಅಪ್ಪನ ಆ ಮಾತಿನ ಸುತ್ತಲೇ ಬರೆಯುತ್ತಿದ್ದೇನೆ.

ಅಪ್ಪನಿಗೆ ಈ ವಿಷಯದಲ್ಲಿ ಮಾತಾಡುವ ಹಕ್ಕಿದೆ. ಅವರ ಕ್ರಿಕೆಟ್ ಕಣ್ಣಿನದಲ್ಲ, ಮೊದಲಿನಿಂದಲೂ ಕಿವಿಯದೇ. 1975ರ ಜನವರಿಯಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ಎದುರು ಭಾರತ 190ಕ್ಕೆ ಆಲೌಟ್ ಆಯಿತು. ಆ್ಯಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತರು. ಆ 190ರಲ್ಲಿ 97 ನಮ್ಮೂರಿನಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರದು, ಅದೂ ಔಟಾಗದೆ. ಆಗಿನ್ನೂ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ ಅಪ್ಪ ಹೋಟೆಲೊಂದರ ಮುಂದೆ ನಿಂತು ಅದನ್ನು ರೇಡಿಯೋದಲ್ಲಿ ಕೇಳಿದ್ದರು. ಆಕಾಶವಾಣಿಯ ಕಾಮೆಂಟರಿ ಸ್ವಲ್ಪ ಹೊತ್ತು ಇಂಗ್ಲಿಷಿನಲ್ಲಿ, ಸ್ವಲ್ಪ ಹೊತ್ತು ಹಿಂದಿಯಲ್ಲಿ. ಗುಂಪಿನಲ್ಲಿ ಅರ್ಧಕ್ಕರ್ಧ ಜನರಿಗೆ ಎರಡೂ ತಿಳಿಯದು. ಅಲ್ಲೊಬ್ಬರು ಹೈಸ್ಕೂಲ್ ಮೇಷ್ಟ್ರು ರೇಡಿಯೋಗೆ ಕಿವಿಯಿಟ್ಟು ಒಂದೊಂದು ಚೆಂಡನ್ನೂ ಕನ್ನಡದಲ್ಲಿ ಹೇಳುತ್ತಿದ್ದರಂತೆ. "ಆ ಸ್ಕ್ವೇರ್ ಕಟ್ಟು ನಾನು ನೋಡಿದೀನಿ" ಅಂತ ಅಪ್ಪ ಇವತ್ತಿಗೂ ಹೇಳುತ್ತಾರೆ. ಭದ್ರಾವತಿಯಲ್ಲಿ ನಿಂತು ಮದ್ರಾಸಿನ ಹೊಡೆತ ನೋಡಿದ್ದು, ಮೇಷ್ಟ್ರ ಬಾಯಲ್ಲಿ.

ಕನ್ನಡದಲ್ಲಿ ಈ ಕೆಲಸಕ್ಕೆ ಒಂದು ಒಳ್ಳೆಯ ಹೆಸರಿದೆ: ವೀಕ್ಷಕ ವಿವರಣೆ. ನಮ್ಮಲ್ಲಿ ಅನೇಕರು ಆ ಪದವನ್ನು ಮೊದಲು ಕೇಳಿದ್ದು ಮೈಸೂರು ದಸರಾದ ದಿನ, ಆಕಾಶವಾಣಿಯಲ್ಲಿ. ಜಂಬೂಸವಾರಿಯನ್ನು ಯಾರೋ ನಮ್ಮ ಪರವಾಗಿ ನೋಡಿ, ಯಾವ ಆನೆ ಎಲ್ಲಿಗೆ ಬಂತು, ಹಿಂದೆ ಯಾವ ಸ್ತಬ್ಧಚಿತ್ರ ಅಂತ ಹೇಳುತ್ತಿದ್ದರು. ಅಮೆರಿಕದವರು ಆಟದ ವಿಷಯದಲ್ಲಿ ಇದನ್ನು ಪ್ಲೇ-ಬೈ-ಪ್ಲೇ ಅನ್ನುತ್ತಾರೆ, ನಡೆದದ್ದನ್ನು ನಡೆದ ಹಾಗೆ ಹೇಳುವವರು. ಯಾಕೆ ಹಾಗಾಯಿತು, ಬೌಲರ್ ಮನಸ್ಸಿನಲ್ಲಿ ಏನಿತ್ತು ಅಂತ ಬಿಡಿಸಿ ಹೇಳುವ ಹಳೆಯ ಆಟಗಾರ ಪಕ್ಕದಲ್ಲಿ ಬೇರೆಯಾಗಿ ಕೂತಿರುತ್ತಾನೆ. ಎರಡೂ ಬೇರೆ ಬೇರೆ ಕೆಲಸ. ನಾನು ಎರಡನೆಯವನ ಕುರ್ಚಿಯಲ್ಲಿ ಕೂತು ಮೊದಲನೆಯ ಕೆಲಸ ಮಾಡಲು ಹೊರಟಿದ್ದೆ.

ಸೋತಮೇಲೆ ಐಟಿಯವರು ಮಾಡುವುದನ್ನೇ ಮಾಡಿದೆ, ಕೂತು ಓದಿದೆ. ಓದುವಾಗ ಸಿಕ್ಕ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. 1927ರ ಜನವರಿ 15ರಂದು ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ನಡುವಿನ ರಗ್ಬಿ ಪಂದ್ಯ. ಬಿಬಿಸಿ ಆಟವೊಂದರ ವೀಕ್ಷಕ ವಿವರಣೆಯನ್ನು ಮೈದಾನದಿಂದಲೇ ನೇರವಾಗಿ ಪ್ರಸಾರ ಮಾಡಿದ್ದು ಅದೇ ಮೊದಲು. ಮೈಕಿನ ಮುಂದೆ ಇದ್ದವರು ಹಿಂದೆ ರಗ್ಬಿ ಆಡಿದ್ದ ಟೆಡ್ಡಿ ವೇಕ್‌ಲ್ಯಾಮ್. ಹೇಗೆ ಮಾತಾಡಬೇಕು ಅಂತ ಹೇಳಿಕೊಡಲು ಅವರಿಗಿಂತ ಮುಂಚೆ ಆ ಕೆಲಸ ಮಾಡಿದವರು ಅಲ್ಲಿ ಯಾರೂ ಇರಲಿಲ್ಲ. ಪ್ರಸಾರದವರು ಒಂದು ಉಪಾಯ ಮಾಡಿದರು. ಕಣ್ಣು ಕಾಣದ ಒಬ್ಬರನ್ನು ಕರೆತಂದು ಅವರ ಮುಂದೆ ಕೂರಿಸಿದರು. ದೇಶಕ್ಕೆ ಹೇಳಬೇಡಿ, ಇವರೊಬ್ಬರಿಗೆ ಹೇಳಿ ಅನ್ನುವ ಹಾಗೆ.

ಅದನ್ನು ಓದಿ ತಲೆ ಎತ್ತಿದರೆ ಸೋಫಾದ ಎಡತುದಿಯಲ್ಲಿ ಅಪ್ಪ. ಸುಮಾರು ನೂರು ವರ್ಷದ ಹಿಂದೆ ಈ ಕಸುಬು ಶುರುವಾದ ಜಾಗಕ್ಕೇ ನಾನು ಬಂದು ನಿಂತಿದ್ದೆ.

ಅವತ್ತೇ ಇನ್ನೊಂದು ವ್ಯವಸ್ಥೆಯೂ ಇತ್ತು. ಮೈದಾನವನ್ನು ಚೌಕಗಳಾಗಿ ಭಾಗ ಮಾಡಿ, ಒಂದೊಂದಕ್ಕೂ ನಂಬರ್ ಕೊಟ್ಟ ನಕ್ಷೆಯೊಂದನ್ನು ರೇಡಿಯೋ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚು ಹಾಕಿದ್ದರು. ವೇಕ್‌ಲ್ಯಾಮ್ ಆಟ ಹೇಳುತ್ತಿದ್ದರೆ ಇನ್ನೊಂದು ದನಿ ಚೆಂಡು ಯಾವ ಚೌಕದಲ್ಲಿದೆ ಅನ್ನುವ ನಂಬರ್ ಹೇಳುತ್ತಿತ್ತು. ಮನೆಯಲ್ಲಿ ಕೂತವನು ನಕ್ಷೆ ಮೇಲೆ ಬೆರಳಿಟ್ಟು ಹಿಂಬಾಲಿಸಬಹುದಿತ್ತು. ಕೇಳುವವನಿಗೆ ಮೊದಲು ಬೇಕಾದದ್ದು 'ಎಲ್ಲಿ' ಅನ್ನುವುದು. 'ಅದ್ಭುತ' ಅನ್ನುವುದು ಆಮೇಲೆ.

ಎರಡನೆಯ ಪಾಠ ರೆಡ್ ಬಾರ್ಬರ್ ಅವರದು. ಬ್ರೂಕ್ಲಿನ್‌ನಲ್ಲಿ ಬೇಸ್‌ಬಾಲ್ ಪಂದ್ಯಗಳನ್ನು ರೇಡಿಯೋದಲ್ಲಿ ಹೇಳುತ್ತಿದ್ದ ದೊಡ್ಡ ಹೆಸರು. ಅವರು ತಮ್ಮ ಮುಂದೆ ಮೊಟ್ಟೆ ಬೇಯಿಸುವಾಗ ಹೊತ್ತು ನೋಡಲು ಬಳಸುವ ಮೂರು ನಿಮಿಷದ ಮರಳಿನ ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಮರಳು ಇಳಿದ ತಕ್ಷಣ ಸ್ಕೋರ್ ಹೇಳಬೇಕು, ಗಡಿಯಾರ ತಿರುಗಿಸಿ ಇಡಬೇಕು. ರೇಡಿಯೋ ಕೇಳುವವರು ಯಾವಾಗ ಬೇಕಾದರೂ ಬಂದು ಸೇರಿಕೊಳ್ಳಬಹುದು, ಹಾಗೆ ಬಂದವರು ಸ್ಕೋರಿಗಾಗಿ ಕಾಯಬಾರದು.

ನಮ್ಮ ಕಸುಬಿನವರಿಗೆ ಇದು ಹೊಸದೇನಲ್ಲ. ರಾತ್ರಿ ಎರಡಕ್ಕೆ ಪ್ರೊಡಕ್ಷನ್ ಸರ್ವರ್ ಕುಸಿದು ಬಿದ್ದು, ನಲವತ್ತು ಜನ ಒಂದೇ ಕಾಲ್‌ನಲ್ಲಿ ಇದ್ದಾಗ ಒಬ್ಬರು ಹದಿನೈದು ನಿಮಿಷಕ್ಕೊಮ್ಮೆ ಮೊದಲಿನಿಂದ ಹೇಳುತ್ತಾರಲ್ಲ: ಈಗ ಸಮಯ ಇಷ್ಟು, ಇಂಥದ್ದು ನಿಂತಿದೆ, ಇಂಥವರು ನೋಡುತ್ತಿದ್ದಾರೆ. ತಡವಾಗಿ ಸೇರಿದ ಮ್ಯಾನೇಜರ್‌ಗೆ ನಾವು ತೋರಿಸುವ ಆ ಸೌಜನ್ಯವನ್ನು ನಾನು ಅಪ್ಪನಿಗೆ ತೋರಿಸಿರಲಿಲ್ಲ. ಮಗಳ ಬೋರ್ಡ್ ಗೇಮ್ ಡಬ್ಬಿಯಲ್ಲಿ ಒಂದು ಮರಳಿನ ಗಡಿಯಾರ ಇತ್ತು, ಒಂದು ನಿಮಿಷದ್ದು. ಅದನ್ನು ಟೀಪಾಯ್ ಮೇಲೆ ಇಟ್ಟೆ. ಮೂರು ಸಲ ತಿರುಗಿಸಿದರೆ ಒಂದು ಸ್ಕೋರ್. ತಿರುಗಿಸುವ ಕೆಲಸ ಮಗಳದು. ಆ ವಾರದಿಂದ ಅಪ್ಪ ಸ್ಕೋರ್ ಕೇಳುವುದನ್ನು ಬಿಟ್ಟರು. ಕೇಳುವುದು ಅವರಿಗೆ ಎಷ್ಟು ಹಿಂಸೆಯಾಗಿತ್ತು ಅಂತ ನನಗೆ ಗೊತ್ತಾದದ್ದು ಅವರು ಕೇಳುವುದನ್ನು ನಿಲ್ಲಿಸಿದ ಮೇಲೆ.

ಮೂರನೆಯ ಕಷ್ಟ ನಮ್ಮ ಭಾಷೆಯೊಳಗಿನದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಕವರ್ ಕಡೆಗೆ ಎತ್ತರವಾಗಿ ಹೋದ ಚೆಂಡನ್ನು ಅಲ್ಲಿದ್ದ ಫೀಲ್ಡರ್ ಹಿಂದಕ್ಕೆ ಓಡಿ ಡೈವ್ ಹೊಡೆದು..." ಇಲ್ಲಿಯವರೆಗೆ ಬಂದರೂ ಹಿಡಿದನೋ ಬಿಟ್ಟನೋ ಗೊತ್ತಿಲ್ಲ. ಅಷ್ಟರಲ್ಲಿ ಸ್ಟೇಡಿಯಂ ಕೂಗಿ ಮುಗಿದಿರುತ್ತದೆ. ಕತೆ ಹೇಳಲು ಈ ವಾಕ್ಯ ಚೆಂದ, ಆಟ ಹೇಳಲು ಆಗುವುದಿಲ್ಲ. ಕೆಲವು ದಿನ ತೊದಲಿದ ಮೇಲೆ ದಾರಿ ಸಿಕ್ಕಿತು. ಒಂದು ವಾಕ್ಯವನ್ನು ಐದು ಮಾಡಬೇಕು. "ಎತ್ತಿ ಹೊಡೆದ. ಕವರ್ ಕಡೆ. ಫೀಲ್ಡರ್ ಹಿಂದಕ್ಕೆ ಓಡ್ತಿದ್ದಾನೆ. ಹಾರಿದ. ಹಿಡಿದ!" ಯಾರು ಅಂತ ಪ್ರತಿ ಸಲ ಹೇಳಬೇಕಿಲ್ಲ, ಕನ್ನಡದ ಕ್ರಿಯಾಪದದ ಬಾಲದಲ್ಲೇ ಅದು ಅಂಟಿಕೊಂಡಿರುತ್ತದೆ. ನಿಧಾನ ಅಂದುಕೊಂಡ ಭಾಷೆ ಇಷ್ಟು ಚುರುಕಾಗಬಲ್ಲದು ಅಂತ ಭದ್ರಾವತಿಯ ಮೇಷ್ಟ್ರಿಗೆ ಗೊತ್ತಿತ್ತು, ನನಗೆ ಈಗ ಗೊತ್ತಾಯಿತು.

ಚೆಂಡಿಗೂ ಒಂದು ಕ್ರಮ ಮಾಡಿಕೊಂಡೆ. ಬೌಲರ್ ಓಡುವ ಮುಂಚೆ: ಯಾರು, ಎಷ್ಟನೆಯ ಓವರ್, ಎಷ್ಟನೆಯ ಚೆಂಡು, ಎದುರಿಗೆ ಯಾರು. ಓಡುವಾಗ ಎರಡೇ ಮಾತು. ಬಿದ್ದಮೇಲೆ: ಹೊಡೆದನೋ ತಡೆದನೋ, ಎಲ್ಲಿಗೆ ಹೋಯಿತು, ಎಷ್ಟು ರನ್. ಆಮೇಲೆ ಮೊತ್ತ. ಇಷ್ಟು ಆದಮೇಲೆ ಸಮಯ ಉಳಿದರೆ ನನ್ನ ಅಭಿಪ್ರಾಯ. ಟಿ20ಯಲ್ಲಿ ಸಾಮಾನ್ಯವಾಗಿ ಉಳಿಯುವುದಿಲ್ಲ, ಅದರಿಂದ ಅಪ್ಪನಿಗೇನೂ ನಷ್ಟವಾದಂತೆ ಕಾಣಲಿಲ್ಲ.

ಮುಂಬಯಿ ಓದುಗರಲ್ಲಿ ಹಿರಿಯರಿಗೆ ಬಾಬಿ ತಲ್ಯಾರ್‌ಖಾನ್ ಹೆಸರು ನೆನಪಿರಬಹುದು. 1930ರ ದಶಕದಲ್ಲಿ ಬೊಂಬಾಯಿಯ ಪಂದ್ಯಗಳ ದನಿಯೇ ಅವರು. ಇಡೀ ದಿನ ಒಬ್ಬರೇ ಮಾತಾಡುತ್ತಿದ್ದರು, ಮೈಕನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಲು ಒಪ್ಪಲಿಲ್ಲ. ನನಗೆ ಒಂದು ಗಂಟೆಗೇ ಗಂಟಲು ಕಟ್ಟಿತು. ಬಿಬಿಸಿಯ ಟೆಸ್ಟ್ ಮ್ಯಾಚ್ ಸ್ಪೆಷಲ್‌ನಲ್ಲಿ ಇಪ್ಪತ್ತು ನಿಮಿಷಕ್ಕೊಬ್ಬರು ಬದಲಾಗುವ ಪದ್ಧತಿ ಇದೆ. ನಮ್ಮ ಮನೆಯಲ್ಲೂ ಆ ಪದ್ಧತಿ ಬಂತು. ಹತ್ತು ವರ್ಷದ ಮಗಳು ಮೈಕ್ ತೆಗೆದುಕೊಂಡಳು.

ಅವಳಿಗೆ ಕವರ್, ಮಿಡ್‌ವಿಕೆಟ್ ಯಾವುದೂ ಗೊತ್ತಿರಲಿಲ್ಲ. ಆದರೆ ಅಜ್ಜನಿಗೆ ತಟ್ಟೆ ಬಡಿಸುವುದು ಗೊತ್ತಿತ್ತು. ಕಾಣದವರಿಗೆ ಊಟ ಬಡಿಸುವಾಗ ತಟ್ಟೆಯನ್ನು ಗಡಿಯಾರ ಅಂದುಕೊಳ್ಳಬೇಕು ಅಂತ ಡಾಕ್ಟರ ಹತ್ತಿರ ಕಲಿತಿದ್ದೆವು. "ಅಜ್ಜ, ಪಲ್ಯ ಮೂರು ಗಂಟೆಗೆ, ಉಪ್ಪಿನಕಾಯಿ ಹನ್ನೆರಡಕ್ಕೆ" ಅನ್ನುವುದು ಅವಳಿಗೆ ದಿನದ ಅಭ್ಯಾಸ. ಮೈದಾನವನ್ನೂ ಹಾಗೇ ಮಾಡಿದಳು. ಬ್ಯಾಟ್ಸ್‌ಮನ್ ತಟ್ಟೆಯ ನಡುವೆ, ಬೌಲರ್ ಆರು ಗಂಟೆಯಿಂದ ಬರುತ್ತಾನೆ. "ಅಜ್ಜ, ಎಂಟು ಗಂಟೆಗೆ ಹೊಡೆದ, ಫೋರ್!" ಅಪ್ಪ ಒಂದು ಕ್ಷಣ ಯೋಚಿಸಿ, "ಓ, ಕವರ್ ಡ್ರೈವ್!" ಅನ್ನುತ್ತಿದ್ದರು. ಎಡಗೈ ಬ್ಯಾಟ್ಸ್‌ಮನ್ ಬಂದರೆ ಅಜ್ಜ ಮೊಮ್ಮಗಳಿಗೆ ಜಗಳ. ಕೆಲವು ವಾರದಲ್ಲಿ ಅವಳು ಕವರ್ ಕಲಿತಳು, ಅಜ್ಜ ಎಂಟು ಗಂಟೆ ಕಲಿತರು. ಶಾಲೆಯ ಮರಾಠಿ, ಹಿಂದಿ, ಇಂಗ್ಲಿಷ್ ನಡುವೆ ಅವಳ ಕನ್ನಡ ಸದಾ ಅರ್ಧಕ್ಕೆ ನಿಲ್ಲುತ್ತಿತ್ತು. "ಅಜ್ಜ, ಬಾಲ್ ಗೇಲಾ..." ಅಂತ ಮರಾಠಿಯಲ್ಲಿ ಶುರು ಮಾಡಿ ತಡೆದು, "ಹೋಯ್ತು" ಅಂತ ತಿದ್ದಿಕೊಳ್ಳುವಳು. ಕನ್ನಡ ಕಲಿಸಲು ನಾನು ತಂದಿಟ್ಟ ಪುಸ್ತಕಗಳು ಮಾಡದ ಕೆಲಸ ಅದು. ಇಲ್ಲಿ ಅವಳ ಮಾತು ಒಬ್ಬರಿಗೆ ನಿಜವಾಗಿ ಬೇಕಾಗಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಒಂದು ಕಳ್ಳತನವನ್ನೂ ಹೇಳಬೇಕು.

ಒಂದು ಸಂಜೆ ಆಟದ ನಡುವೆ ಆಫೀಸಿನಿಂದ ಮೆಸೇಜಿನ ಮೇಲೆ ಮೆಸೇಜ್. ಮಗಳು ಮನೆಯಲ್ಲಿರಲಿಲ್ಲ. ಫೋನಿನಲ್ಲಿ ಉತ್ತರ ಟೈಪ್ ಮಾಡುತ್ತಾ ಮೂರು ಚೆಂಡು ನೋಡಲಿಲ್ಲ. ನೋಡಿಲ್ಲ ಅನ್ನುವ ಬದಲು "ಡಾಟ್ ಬಾಲ್... ಇದೂ ಡಾಟ್... ಒಂದು ರನ್" ಅಂತ ಬಾಯಿಗೆ ಬಂದದ್ದು ಹೇಳಿದೆ. ಯಾರಿಗೆ ಗೊತ್ತಾಗುತ್ತೆ? ನಾಲ್ಕನೆಯ ಚೆಂಡಿಗೆ ಟಿವಿಯಲ್ಲಿದ್ದವರು ಆ ಓವರಿನ ಎರಡು ಸಿಕ್ಸರ್ ಬಗ್ಗೆ ಮಾತಾಡಿದರು. ಅಪ್ಪ ನನ್ನ ಕಡೆ ತಿರುಗಲಿಲ್ಲ. ಆವತ್ತು ಬೇಗ ಮಲಗಿದರು. ಮರುದಿನ ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಡುವಾಗ ಹೇಳಿದರು: "ನೋಡಿಲ್ಲ ಅಂದ್ರೆ ನೋಡಿಲ್ಲ ಅನ್ನು. ಕಾಣದೋನಿಗೆ ನೀನು ಹೇಳಿದ್ದೇ ನಿಜ ಕಣೋ. ಅದ್ರಲ್ಲಿ ಆಟ ಆಡಬೇಡ."

1938ರಲ್ಲಿ ಆಸ್ಟ್ರೇಲಿಯಾ ತಂಡ ಇಂಗ್ಲೆಂಡಿನಲ್ಲಿ ಆಡುತ್ತಿದ್ದಾಗ ಆಸ್ಟ್ರೇಲಿಯಾದ ರೇಡಿಯೋದವರು ಸಿಡ್ನಿಯ ಸ್ಟುಡಿಯೋದಲ್ಲಿ ಕೂತು ಕಾಮೆಂಟರಿ ಮಾಡಿದ್ದರು. ಇಂಗ್ಲೆಂಡಿನಿಂದ ಸಂಕೇತಗಳಲ್ಲಿ ತಂತಿ ಬರುತ್ತಿತ್ತು. ಅದನ್ನು ಬಿಡಿಸಿ ಓದಿ, ಕಣ್ಣೆದುರು ನಡೆಯುತ್ತಿದೆ ಅನ್ನುವಂತೆ ಅಲನ್ ಮೆಕ್‌ಗಿಲ್‌ವ್ರೇ ಮತ್ತಿತರರು ಹೇಳುತ್ತಿದ್ದರು. ಮರದ ತುಂಡಿಗೆ ಪೆನ್ಸಿಲಿನಿಂದ ಟಕ್ ಅಂತ ಬಡಿದರೆ ಅದೇ ಬ್ಯಾಟಿಗೆ ಚೆಂಡು ತಾಗಿದ ಸದ್ದು. ಚಪ್ಪಾಳೆ ರೆಕಾರ್ಡಿನದು. ನಾನು ಮಾಡಿದ್ದೂ ಅದೇ ಅಲ್ಲವೇ ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಅದೇ ಅಲ್ಲ. ಅವರ ಸದ್ದು ಕಟ್ಟಿದ್ದು, ರನ್ನು ಕಟ್ಟಿದ್ದಲ್ಲ. ತಂತಿಯಿಂದ ಮಾಡುತ್ತಿದ್ದೇವೆ ಅನ್ನುವುದನ್ನು ಅವರು ಮುಚ್ಚಿಡಲೂ ಇಲ್ಲ. ಅವತ್ತಿನಿಂದ ನಮ್ಮ ಮನೆ ಕಾಮೆಂಟರಿಯಲ್ಲಿ "ನೋಡಲಿಲ್ಲಪ್ಪ, ತಪ್ಪಿಹೋಯ್ತು" ಅನ್ನುವ ಮಾತಿಗೂ ಜಾಗವಿದೆ.

ಅಪ್ಪನನ್ನು ಕಂಡು ಅಯ್ಯೋ ಪಾಪ ಅನ್ನುವವರು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ. ಅವರಿಗೆ ಅಪ್ಪ ನಮ್ಮ ಜಿಲ್ಲೆಯ ಇನ್ನೊಬ್ಬ ಕ್ರಿಕೆಟಿಗನ ಹೆಸರು ಹೇಳುತ್ತಾರೆ, ಶೇಖರ್ ನಾಯಕ್. ಶಿವಮೊಗ್ಗ ಜಿಲ್ಲೆಯವರು, 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕರು, 2017ರಲ್ಲಿ ಪದ್ಮಶ್ರೀ ಪಡೆದವರು. ಆ ಆಟದ ಚೆಂಡಿನೊಳಗೆ ಗುಂಡುಗಳಿರುತ್ತವೆ, ಉರುಳುವಾಗ ಗಿಲಗಿಲ ಅನ್ನುತ್ತದೆ. ಬೌಲರ್ ಚೆಂಡು ಬಿಡುವಾಗ "ಪ್ಲೇ" ಅಂತ ಕೂಗಬೇಕು, ಅದು ನಿಯಮ. ಸರಿಯಾದ ಹೊತ್ತಿಗೆ ಸರಿಯಾದ ಮಾಹಿತಿ ಕಿವಿಗೆ ಬಿದ್ದರೆ ಸಾಕು, ಉಳಿದದ್ದು ಆಟಗಾರ ನೋಡಿಕೊಳ್ಳುತ್ತಾನೆ.

ಹೀಗೆ ಮಾಡುತ್ತಾ 2025ರ ಜೂನ್ 3 ಬಂತು. ಅಹಮದಾಬಾದಿನಲ್ಲಿ ಆರ್‌ಸಿಬಿಗೂ ಪಂಜಾಬಿಗೂ ಫೈನಲ್. ಹದಿನೆಂಟನೆಯ ಸೀಸನ್. "ಈ ಸಲ ಕಪ್ ನಮ್ದೇ" ಅಂತ ಹದಿನೇಳು ಸಲ ಹೇಳಿ ಅಕ್ಕಪಕ್ಕದ ಮರಾಠಿ ಗೆಳೆಯರಿಂದ ನಗಿಸಿಕೊಂಡವರಿಗೆ ಆ ರಾತ್ರಿ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಆರ್‌ಸಿಬಿ 9 ವಿಕೆಟಿಗೆ 190. ನಮ್ಮದು ಮೊಬೈಲ್ ಆ್ಯಪ್‌ನಿಂದ ಟಿವಿಗೆ ಬರುವ ಪ್ರಸಾರ, ಕೇಬಲ್ ಇರುವ ಪಕ್ಕದ ಮನೆಯವರು ನಮಗಿಂತ ಮುಂಚೆ ಕೂಗಿಬಿಡುತ್ತಾರೆ. ಆ ರಾತ್ರಿ ಕಿಟಕಿ ಬಾಗಿಲು ಎಲ್ಲ ಹಾಕಿ, ಸೆಕೆಯಲ್ಲಿ ಕೂತೆವು.

ಪಂಜಾಬಿನ ಪ್ರಿಯಾಂಶ್ ಆರ್ಯ ಹೇಜಲ್‌ವುಡ್ ಚೆಂಡನ್ನು ಎತ್ತಿ ಹೊಡೆದಾಗ ಸರದಿ ನನ್ನದು. "ಹೊಡೆದ. ಎತ್ತರ ಹೋಯ್ತು. ಬೌಂಡರಿ ಹತ್ತಿರ ಸಾಲ್ಟ್. ಹಿಡಿದ. ತೂಕ ತಪ್ಪಿತು. ಚೆಂಡು ಮೇಲಕ್ಕೆ ಎಸೆದ. ಗೆರೆ ಆಚೆ ಹೋದ. ಒಳಗೆ ಬಂದ. ಮತ್ತೆ ಹಿಡಿದ! ಔಟ್!" ಅಪ್ಪ ತೊಡೆ ತಟ್ಟಿದರು. ನಾನು ಕೂಗಲಿಲ್ಲ, ಕೂಗಲು ಹೊತ್ತಿರಲಿಲ್ಲ. ಕೂಗಿದ್ದು ಅಪ್ಪ. ಎರಡು ತಿಂಗಳ ಹಿಂದೆ ಇದೇ ಥರದ ಕ್ಯಾಚಿಗೆ ನಾನು ಕೂಗಿದ್ದೆ, ಅವರು ಕತ್ತಲಲ್ಲಿ ಕಾದಿದ್ದರು.

ಕೊನೆಯ ಓವರ್. ಪಂಜಾಬಿಗೆ 29 ಬೇಕು. ಹೇಜಲ್‌ವುಡ್ ಬೌಲಿಂಗ್, ಎದುರಿಗೆ ಶಶಾಂಕ್ ಸಿಂಗ್. ಸರದಿ ಮಗಳದು. "ಮೊದಲನೇ ಬಾಲ್. ಹೊಡೆಯೋಕೆ ಹೋದ. ರನ್ ಇಲ್ಲ ಅಜ್ಜ." "ಎರಡನೇ ಬಾಲ್. ರನ್ ಇಲ್ಲ." ಇನ್ನು ನಾಲ್ಕು ಚೆಂಡಿಗೆ 29. ನಾಲ್ಕಕ್ಕೆ ನಾಲ್ಕು ಸಿಕ್ಸರ್ ಹೊಡೆದರೂ 24. ಲೆಕ್ಕ ಮುಗಿದಿತ್ತು. ಟಿವಿಯಲ್ಲಿ ಎಲ್ಲರೂ ಒಟ್ಟಿಗೆ ಕಿರುಚುತ್ತಿದ್ದರು, ಒಂದು ಮಾತೂ ಬಿಡಿಯಾಗಿ ಕೇಳಿಸುತ್ತಿರಲಿಲ್ಲ. ಅಪ್ಪ ಮುಂದಕ್ಕೆ ಬಗ್ಗಿ, "ಏನಾಯ್ತು? ಏನಾಯ್ತು ಪುಟ್ಟಾ?" ಅಂದರು.

ನನ್ನ ಗಂಟಲು ಕಟ್ಟಿತ್ತು. ಮಗಳು ಹೇಳಿದಳು: "ಏನೂ ಆಗಿಲ್ಲ ಅಜ್ಜ. ಬೌಲರ್ ಇನ್ನೂ ವಾಪಸ್ ಹೋಗ್ತಿದ್ದಾನೆ. ಕೊಹ್ಲಿನ ತೋರಿಸ್ತಿದ್ದಾರೆ. ಮೈದಾನದಲ್ಲೇ ನಿಂತು ಅಳ್ತಿದ್ದಾನೆ. ಕಣ್ಣು ಒರೆಸ್ಕೊಂಡ."

ಅಪ್ಪ ಹಿಂದಕ್ಕೆ ಒರಗಿದರು. ಆಮೇಲಿನ ನಾಲ್ಕು ಚೆಂಡು 6, 4, 6, 6. ಅವಳು ಒಂದನ್ನೂ ಬಿಡದೆ ಹೇಳಿದಳು, ಎದುರಾಳಿಯ ಸಿಕ್ಸರ್‌ಗಳನ್ನೂ ಗಂಟೆಯ ಲೆಕ್ಕದಲ್ಲಿ. 6 ರನ್ನಿನ ಗೆಲುವು. ಆಮೇಲೆ ಸುಮ್ಮನಾದಳು. ನಾವು ಮೂವರೂ ಬರೀ ಸ್ಟೇಡಿಯಂ ಸದ್ದು ಕೇಳಿದೆವು.

ಹಾಗೆ ಸುಮ್ಮನಿರುವುದೂ ಈ ಕಸುಬಿನ ಭಾಗವೇ. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ ತಮ್ಮ 715ನೆಯ ಹೋಂ ರನ್ ಹೊಡೆದು ಬೇಬ್ ರೂತ್ ಅವರ ದಾಖಲೆ ಮುರಿದರು. 67 ಸೀಸನ್ ಮೈಕಿನ ಮುಂದೆ ಕೂತ ವಿನ್ ಸ್ಕಲ್ಲಿ ಚೆಂಡು ಆಚೆ ಹೋದದ್ದನ್ನು ಹೇಳಿ ಮಾತು ನಿಲ್ಲಿಸಿದರು. ಬಹಳ ಹೊತ್ತು ಜನರ ಕೂಗು, ಪಟಾಕಿಯ ಸದ್ದು ಮಾತ್ರ ಕೇಳುಗರಿಗೆ ಹೋಯಿತು. ಆಮೇಲೆ ಮಾತಾಡಿದಾಗ, ಅಮೆರಿಕದ ದಕ್ಷಿಣದಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುವುದೆಂದರೆ ಏನು ಅನ್ನುವುದನ್ನು ಹೇಳಿದರು. ಮೊದಲು ನಡೆದದ್ದು, ಆಮೇಲೆ ಮೌನ, ಕೊನೆಗೆ ಅರ್ಥ. ನನ್ನ ಮಗಳಿಗೆ ಸ್ಕಲ್ಲಿ ಯಾರು ಅಂತ ಗೊತ್ತಿಲ್ಲ.

ಮರುದಿನ ಸಂಜೆ ಸುದ್ದಿ ಬಂತು. ಚಿನ್ನಸ್ವಾಮಿ ಮೈದಾನದ ಹೊರಗೆ ತಂಡವನ್ನು ನೋಡಲು ನೆರೆದ ಜನರಲ್ಲಿ ಕಾಲ್ತುಳಿತ. ಟಿವಿಯಲ್ಲಿ ಮತ್ತೆ ಎಲ್ಲರೂ ಒಟ್ಟಿಗೆ ಕಿರುಚುತ್ತಿದ್ದರು. ಅಪ್ಪ ಅದನ್ನು ಆರಿಸಲು ಹೇಳಿ, "ನೀನು ಓದಿ ಹೇಳು" ಅಂದರು. ಫೋನಿನಲ್ಲಿ ಕನ್ನಡ ಪತ್ರಿಕೆ ತೆಗೆದು ಓದಿದೆ. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಗೇಟಿನ ಹತ್ತಿರ. 11 ಜನ ಸತ್ತಿದ್ದಾರೆ ಅಂತ ಹೇಳಿ ನಿಲ್ಲಿಸಿದೆ. ಅಪ್ಪ ಮುಂದೆ ಏನೂ ಕೇಳಲಿಲ್ಲ. ಕೆಲವು ದಿನ ನಮ್ಮ ಮನೆಯಲ್ಲಿ ಕ್ರಿಕೆಟ್ ಮಾತೇ ಬರಲಿಲ್ಲ.

ಈಗ ಮತ್ತೆ ಶುರುವಾಗಿದೆ. ಮೊನ್ನೆ ಆಫೀಸಿನಿಂದ ಹೊರಡುವುದು ತಡವಾಗಿ, ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಗಾಡಿ ನಿಂತಲ್ಲೇ ನಿಂತಿತ್ತು. ಮನೆಗೆ ಫೋನ್ ಮಾಡಿದರೆ ಅಪ್ಪ ಎತ್ತಿದರು. ಹಿಂದೆ ಮಗಳ ದನಿ ಕೇಳುತ್ತಿತ್ತು, ಯಾರೋ ನಾಲ್ಕು ಗಂಟೆ ಕಡೆ ಹೊಡೆದಿದ್ದರು.

"ಅಪ್ಪ, ಸ್ಕೋರ್ ಎಷ್ಟಾಯ್ತು?" ಅಂದೆ.

"ಹದಿನಾಲ್ಕನೇ ಓವರ್, ಎರಡು ಬಾಲ್ ಆಗಿದೆ. 4ಕ್ಕೆ 118" ಅಂದರು. ಬ್ಯಾಟ್ ಮಾಡುತ್ತಿದ್ದ ಇಬ್ಬರ ಹೆಸರು ಹೇಳಿದರು, ಬೌಲರ್ ಹೆಸರು ಹೇಳಿದರು. ಆಮೇಲೆ, "ತಡಿ, ಓಡಿ ಬರ್ತಿದ್ದಾನೆ" ಅಂದು ಸುಮ್ಮನಾದರು. ಮುಂದಿನ ಗಾಡಿ ಕದಲಿದರೂ ನಾನು ಹಾಗೇ ಕಾಯುತ್ತಾ ನಿಂತಿದ್ದೆ. ಹಿಂದಿನವರು ಹಾರ್ನ್ ಹೊಡೆದರು.

"ಡಾಟ್ ಬಾಲ್" ಅಂದರು ಅಪ್ಪ.